ಎಲ್ಲರೂ ನೋಡಿದ ಹಾಳೆ

ಹೆಬ್ಬೈಲು
12 ಜನವರಿ 2025

ವಿಶಾಲಮ್ಮ ಟೀಚರಿಗೆ ನಮಸ್ಕಾರಗಳು.

ನೀವು ನನ್ನನ್ನು ನೋಡಿಲ್ಲ. ಹೆಬ್ಬೈಲು ಶಾಲೆಯಲ್ಲಿ ನೀವು ಬಿಟ್ಟುಹೋದ ಮೇಲೆ ವರ್ಷಗಟ್ಟಲೆ ಖಾಲಿಯಿದ್ದ ಜಾಗಕ್ಕೆ ಒಂದೂವರೆ ವರ್ಷದ ಹಿಂದೆ ಬಂದವಳು ನಾನು. ಹೆಸರು ಸುಚಿತ್ರಾ, ಊರು ಹರಿಹರದ ಕಡೆ. ನಿಮಗೆ ಫೋನ್ ಮಾಡೋಣವೆಂದು ಹೆಡ್‌ಮಾಸ್ಟರ್ ನಟರಾಜ್ ಸರ್ ಹತ್ತಿರ ನಂಬರ್ ಕೇಳಿದೆ. "ಫೋನಿಂದ ಪ್ರಯೋಜನ ಇಲ್ಲ ಮೇಡಂ, ಅವರಿಗೆ ಕಿವಿ ಪೂರ್ತಿ ಹೋಗಿದೆ. ಮೊಬೈಲಿನ ಸಣ್ಣ ಅಕ್ಷರವೂ ಕಾಣಲ್ಲ. ಕಾಗದ ಬರೀರಿ, ಸಿಕ್ಕಿದ ದಿನಾನೇ ಉತ್ತರ ಹಾಕ್ತಾರೆ" ಎಂದರು.

ನೀವು ಕಟ್ಟಿದ ಗ್ರಂಥಾಲಯದ ಬಗ್ಗೆ ಕೇಳಬೇಕಿತ್ತು. ನಾನು ಬಂದಾಗ ಅದು ಅಕ್ಕಿ ಮೂಟೆಯ ಕೋಣೆಯಾಗಿತ್ತು. ಮೂಟೆಗಳನ್ನು ಸರಿಸಿ ನೋಡಿದರೆ ಹಿಂದೆ ನಿಮ್ಮ ಎರಡು ಕಪಾಟು. ಪ್ರತಿ ಪುಸ್ತಕದ ಒಳಗೂ ನಿಮ್ಮ ದುಂಡು ಅಕ್ಷರದಲ್ಲಿ ನಂಬರು. ಕಳೆದ ಜೂನ್‌ನಿಂದ ಮಕ್ಕಳೇ ಅದನ್ನು ತೆರೆದು ಮುಚ್ಚುತ್ತಾರೆ. ಓದುತ್ತಾರೆ, ನಿಜ. ಆದರೆ ಅವರಿಗೆ ಪ್ರಶ್ನೆ ಹುಟ್ಟಲಿ ಎಂದು ಗೋಡೆಗೆ ಒಂದು ಹಲಗೆ ಹಾಕಿ, "ಏನು ಬೇಕಾದರೂ ಕೇಳಿ, ಚೀಟಿ ಅಂಟಿಸಿ" ಎಂದೆ. ಈಗ ಅಲ್ಲಿ ಐವತ್ತು ಚೀಟಿಗಳಿವೆ. ಪಕ್ಕದ ನಗರ ಪೇಟೆಯ ಕೋಟೆಯ ಕಲ್ಲುಗಳನ್ನು ಅಷ್ಟು ಎತ್ತರಕ್ಕೆ ಹೇಗೆ ಏರಿಸಿದರು, ಹುಲಿಕಲ್ ಘಾಟಿಯಲ್ಲಿ ನಿಜವಾಗಿಯೂ ಹುಲಿ ಇತ್ತಾ, ಹೀಗೆ. ಯಾವುದಕ್ಕೂ ನನಗೆ ಉತ್ತರ ಗೊತ್ತಿಲ್ಲ. ಮಕ್ಕಳು ದಿನಾ ಬಂದು ಹಲಗೆಯನ್ನೂ ನನ್ನ ಮುಖವನ್ನೂ ನೋಡುತ್ತಾರೆ. ನನಗೆ ಭಯವಾಗುತ್ತದೆ.

ಏಳನೇ ತರಗತಿಯಲ್ಲಿ ಬಿಂದು ಎಂಬ ಹುಡುಗಿ ಇದ್ದಾಳೆ. ಅದೇ ನಗರ ಪೇಟೆಯಲ್ಲಿ ಟೈರ್ ಪಂಕ್ಚರ್ ಅಂಗಡಿ ಇಟ್ಟಿರುವ ಶಿವಮೂರ್ತಿಯವರ ಮಗಳು. ಮೊನ್ನೆ ಅವಳು ಅಂಟಿಸಿದ ಚೀಟಿ: "ದಿನಾ ಬಿಸಿಯೂಟದ ಹೊತ್ತಿಗೆ ಬರುತ್ತಿದ್ದ ಮಂಗಗಳು ಈಗ ಹದಿನೈದು ದಿನದಿಂದ ಯಾಕೆ ಬರುತ್ತಿಲ್ಲ?" ಅಡುಗೆಯವರು ಪೀಡೆ ತೊಲಗಿತು ಎಂದು ಖುಷಿಯಲ್ಲಿದ್ದಾರೆ. ಈ ಹುಡುಗಿಗೆ ಮಾತ್ರ ಅದೊಂದು ಸಮಸ್ಯೆ. ಇಂಥ ಪ್ರಶ್ನೆಯನ್ನು ಏನು ಮಾಡಬೇಕು ಟೀಚರ್?

ನಿಮ್ಮ ಉತ್ತರಕ್ಕೆ ಕಾಯುವ,
ಸುಚಿತ್ರಾ

ತೀರ್ಥಹಳ್ಳಿ
18 ಜನವರಿ 2025

ಸುಚಿತ್ರಾ,

ಅಕ್ಕಿ ಮೂಟೆ ಸರಿಸಿದೆಯಲ್ಲ, ಅದಕ್ಕೇ ನಿನಗೆ ಅರ್ಧ ಪುಣ್ಯ ಬಂತು. ಇನ್ನರ್ಧ ಹೇಳುತ್ತೇನೆ, ಕೇಳು.

ಉತ್ತರ ಗೊತ್ತಿಲ್ಲದ್ದಕ್ಕೆ ಹೆದರಬೇಡ. ಗೊತ್ತಿದ್ದರೂ ಹೇಳಬೇಡ. ಮಗುವಿನ ಪ್ರಶ್ನೆಗೆ ನಾನು ಇಟ್ಟುಕೊಂಡಿದ್ದ ದಾರಿ ಇಷ್ಟೆ: ಮೊದಲು ಪುಸ್ತಕ, ಆಮೇಲೆ ಊರಿನ ಒಬ್ಬ ಮನುಷ್ಯ, ಕೊನೆಗೆ ಸ್ವಂತ ಕಣ್ಣು. ಪುಸ್ತಕ ಎಂದರೆ ಒಂದಲ್ಲ, ಎರಡಾದರೂ ಇರಬೇಕು. ಎರಡೂ ಒಂದೇ ಮಾತು ಹೇಳುತ್ತವೆಯೋ ನೋಡಲಿ. ಆಮೇಲೆ ಅಜ್ಜಿಯನ್ನೋ, ಲೈನ್‌ಮನ್ನನ್ನೋ, ಯಾರಿಗೆ ಗೊತ್ತಿರಬಹುದೋ ಅವರನ್ನು ಕೇಳಲಿ. ಕಡೆಗೆ ಹೋಗಿ ನೋಡಿ, ನೋಡಿದ್ದನ್ನು ಮಾತ್ರ ಬರೆದುಕೊಂಡು ಬರಲಿ. ಅನಿಸಿದ್ದು ಬೇಡ, ನೋಡಿದ್ದು ಮಾತ್ರ. ಕಪಾಟಿನಲ್ಲಿರುವ ಪುಸ್ತಕ ಮಗುವನ್ನು ಹೊರಗೆ ಕಳಿಸಬೇಕು, ಹೊರಗೆ ಹೋದ ಮಗು ಮತ್ತೆ ಪುಸ್ತಕಕ್ಕೆ ಬರಬೇಕು. ಗ್ರಂಥಾಲಯ ಅಂದರೆ ನನಗೆ ಅಷ್ಟೆ.

ಮಂಗಗಳದ್ದೇನು ದೊಡ್ಡ ರಹಸ್ಯವಲ್ಲ. ಕಾಡಲ್ಲಿ ಹಣ್ಣಾಗಿರುತ್ತದೆ, ಅನ್ನದ ಆಸೆ ಬಿಟ್ಟಿರುತ್ತವೆ. ಆದರೆ ಅದನ್ನು ನೀನು ಹೇಳಬೇಡ. ಬಿಂದುವೇ ಹೋಗಿ ನೋಡಿ ಬರಲಿ.

ಮೂವತ್ತೊಂದು ವರ್ಷ ಹೀಗೇ ನಡೆಸಿದೆ, ಒಂದು ದಿನವೂ ನಿಲ್ಲಿಸಲಿಲ್ಲ. ನೀನೂ ನಿಲ್ಲಿಸಬೇಡ.

ವಿಶಾಲಮ್ಮ

ಹೆಬ್ಬೈಲು
28 ಜನವರಿ 2025

ಪ್ರೀತಿಯ ಟೀಚರ್,

ನಿಮ್ಮ ಕಾಗದವನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಕೂಡಲೇ ಕೆಲಸ ಶುರುಮಾಡಿದೆವು. ಆರು ಮಕ್ಕಳು ಆರು ಪ್ರಶ್ನೆ ಹಿಡಿದು ಹೊರಟರು. ಗಣರಾಜ್ಯೋತ್ಸವಕ್ಕೆ ಊರವರೆಲ್ಲ ಬರುತ್ತಾರಲ್ಲ, ಅಷ್ಟರೊಳಗೆ ಹಾಳೆಗಳನ್ನು ಗೋಡೆಗೆ ಹಾಕಬೇಕೆಂದು ನನಗೇ ಅವಸರ.

ಹಾಕಿದೆವು ಟೀಚರ್! ಧ್ವಜ ಹಾರಿಸಿದ ಮೇಲೆ ಜನ ಸಾಲಾಗಿ ಬಂದು ನೋಡಿದರು. ಇಂಥದ್ದು ತಾಲೂಕಿನಲ್ಲೇ ಇಲ್ಲ ಎಂದು ನಟರಾಜ್ ಸರ್ ಮೈಕಿನಲ್ಲಿ ಹೇಳಿದರು. ಎಲ್ಲರಿಗಿಂತ ಚೆನ್ನಾಗಿ ಬರೆದವಳು ಬಿಂದು. ಅವಳಿಗೆ ಪುಸ್ತಕದಲ್ಲಿ ಸಿಕ್ಕಿದ್ದು "ಆಹಾರ ಸಿಗದಿದ್ದರೆ ಮಂಗಗಳು ಜಾಗ ಬದಲಿಸುತ್ತವೆ" ಎಂಬ ಒಂದು ಸಾಲು. ಅಜ್ಜಿ ಕನ್ನಮ್ಮನವರನ್ನು ಕೇಳಿದರೆ "ಹಣ್ಣಿಗೆ ಹೋಗಿರ್ತಾವೆ" ಎಂದರಂತೆ. ಆಮೇಲೆ ಅವಳೇ ಹೋಗಿ ನೋಡಿ ಬಂದು ಬರೆದದ್ದನ್ನು ಹಾಗೆಯೇ ಇಳಿಸುತ್ತೇನೆ. ನೋಡಿದ್ದು ಮಾತ್ರ, ಅನಿಸಿದ್ದು ಇಲ್ಲ, ನೀವು ಹೇಳಿದ ಹಾಗೆ:

"ಶುಕ್ರವಾರ ಸಂಜೆ ನೀರಿನ ಟ್ಯಾಂಕಿನ ಹಿಂದೆ ಹೋದೆ. ಅತ್ತಿ ಮರದಲ್ಲಿ ಹಣ್ಣು ತುಂಬ ಇದೆ. ಯಾವುದೂ ತಿಂದಿಲ್ಲ. ಮಂಗಗಳ ಸದ್ದಿಲ್ಲ. ಮರದ ಬುಡದಲ್ಲಿ ಒಂದು ಮಂಗ ಮಲಗಿತ್ತು. ದೂರದಿಂದ ಕಲ್ಲು ಎಸೆದೆ. ಏಳಲಿಲ್ಲ. ಹತ್ತಿರ ಹೋಗಲಿಲ್ಲ."

ಎಂಥ ಚೊಕ್ಕ ವಾಕ್ಯಗಳು! ಒಂದೂ ಕಾಗುಣಿತ ತಪ್ಪಿಲ್ಲ. ನೀವು ಸಂತೋಷಪಡುತ್ತೀರಿ ಎಂದು ಗೊತ್ತು.

ನಿಮ್ಮ ಸುಚಿತ್ರಾ

ತೀರ್ಥಹಳ್ಳಿ
31 ಜನವರಿ 2025, ಮಧ್ಯಾಹ್ನ

ಸುಚಿತ್ರಾ,

ಈ ಕಾಗದ ನಿನ್ನ ಕೈಸೇರುವ ಮೊದಲೇ ನಿನಗೆ ಎಲ್ಲವೂ ತಿಳಿದಿರುತ್ತದೆ. ನಿನ್ನದು ಅಂಚೆಯಲ್ಲಿ ಬಂದ ತಕ್ಷಣ ಪಕ್ಕದ ಮನೆಯ ಹೇರಂಬನ ಕೈಯಲ್ಲಿ ನಟರಾಜನಿಗೆ ಫೋನ್ ಮಾಡಿಸಿದ್ದೇನೆ.

ಆ ಮಂಗ ಮಲಗಿರಲಿಲ್ಲ.

ನೀನು ಬಯಲುಸೀಮೆಯವಳು, ನಿನಗೆ ತಿಳಿಯದೆ ಇದ್ದೀತು. ಮಂಗನ ಕಾಯಿಲೆ ಎಂದು ಕೇಳಿದ್ದೀಯಲ್ಲ, ನಮ್ಮ ಕಡೆ ಚಳಿಗಾಲ ಕಳೆಯುವ ಹೊತ್ತಿಗೆ ಬರುತ್ತದೆ. ಮಂಗ ಸತ್ತರೆ ಅದರ ಮೈಮೇಲೆ ರಕ್ತ ಹೀರುವ ಉಣುಗುಗಳು ಸುತ್ತಲಿನ ತರಗೆಲೆಗೆ ಇಳಿಯುತ್ತವೆ. ಅವು ಕಚ್ಚಿದರೆ ಮನುಷ್ಯನಿಗೆ ಜ್ವರ. ಆ ಕಡೆಗೆ ಮಕ್ಕಳು, ದನ, ಯಾರೂ ಹೋಗಕೂಡದು. ಬಿಂದುವಿನ ಮೈ ನೋಡಲು ಅವರ ಮನೆಯಲ್ಲಿ ಹೇಳು. ಜ್ವರ ಬಂದರೆ ಒಂದು ದಿನವೂ ಕಾಯಬಾರದು.

ನನಗಾದರೂ ಮೊದಲ ಕಾಗದದಲ್ಲೇ ಹೊಳೆಯಬೇಕಿತ್ತು. ಹಣ್ಣಿರಬೇಕು ಎಂದು ಬರೆದುಬಿಟ್ಟೆ.

ವಿಶಾಲಮ್ಮ

ಹೆಬ್ಬೈಲು
7 ಫೆಬ್ರವರಿ 2025

ಟೀಚರ್,

ಶುಕ್ರವಾರ ಸಂಜೆಯೇ ಆರೋಗ್ಯ ಇಲಾಖೆಯವರು ಬಂದರು. ಅತ್ತಿ ಮರದ ಸುತ್ತ ಹುಡುಕಿದಾಗ ಇನ್ನೂ ಎರಡು ಮಂಗಗಳು ಸತ್ತು ಬಿದ್ದದ್ದು ಸಿಕ್ಕಿತು. ಸುಟ್ಟರು, ಉಣುಗು ಸಾಯುವ ಪುಡಿ ಚೆಲ್ಲಿದರು, ಮನೆಮನೆಗೆ ಮೈಗೆ ಹಚ್ಚುವ ಎಣ್ಣೆ ಕೊಟ್ಟರು. ಆಶಾ ಕಾರ್ಯಕರ್ತೆ ದಿನಾ ಎಲ್ಲರ ಜ್ವರ ನೋಡುತ್ತಿದ್ದಾರೆ.

ಭಾನುವಾರ ಬಿಂದುವಿಗೆ ಜ್ವರ ಬಂತು.

ತಲೆನೋವೆಂದರೆ ಕಣ್ಣು ಬಿಡಲಾಗದಷ್ಟಂತೆ. ಹೊಸನಗರದಲ್ಲಿ ರಕ್ತ ತೆಗೆದುಕೊಂಡು, ಮಂಗಳವಾರ ನಿಮ್ಮ ತೀರ್ಥಹಳ್ಳಿಗೇ ಕಳಿಸಿದ್ದಾರೆ. ನಿನ್ನೆ ವರದಿ ಬಂತು. ಅದೇ ಕಾಯಿಲೆ.

ಸೋಮವಾರ ಶಿವಮೂರ್ತಿಯವರು ಶಾಲೆಗೆ ಬಂದಿದ್ದರು. ಕೈಯಲ್ಲಿ ಗ್ರೀಸ್ ಹಾಗೇ ಇತ್ತು, ಅಂಗಡಿಯಿಂದ ನೇರ ಬಂದವರು. ಮಕ್ಕಳ ಎದುರೇ ಕೇಳಿದರು: "ಎಂತ ಟೀಚರ್ರೇ, ಮಂಗ ಎಲ್ಲಿ ಹೋತು ಅಂತ ನೋಡ್ಕಂಡು ಬರಾಕೆ ನನ್ನ ಮಗಳೇ ಬೇಕಿತ್ತಾ ನಿಮಗೆ? ಪುಸ್ತಕ ಓದಿಸ್ರಿ ಅಂದ್ರೆ ಕಾಡಿಗೆ ಕಳಿಸ್ತೀರಲ್ಲ!" ಅವರು ತಿರುಗಿ ಹೋಗುವಾಗ "ಆಸ್ಪತ್ರೆ ಕಡೆ ಬರಬೇಡಿ" ಎಂದರು.

ಮರುದಿನ ನಟರಾಜ್ ಸರ್ ಗ್ರಂಥಾಲಯಕ್ಕೆ ಬೀಗ ಹಾಕಿ ಕೀಲಿಕೈ ತಮ್ಮ ಮೇಜಿನೊಳಗೆ ಇಟ್ಟುಕೊಂಡರು. "ಸದ್ಯಕ್ಕೆ ಮೇಡಂ, ಊರಿನ ಸಿಟ್ಟು ಇಳೀಲಿ" ಎಂದರು. ಅವರ ಮೇಲೆ ನನಗೆ ಬೇಸರವಿಲ್ಲ. ಬೀಗ ಹಾಕಿದಾಗ ನನಗೆ ಒಂದು ನಿಮಿಷ ಹಗುರವೇ ಆಯಿತು, ಅದು ಹೆದರಿಕೆ ತರಿಸಿತು.

ನೀವು ಹೇಳಿದಂತೆ ಮಾಡಿದೆ ಎಂದು ನಾನು ಯಾರಿಗೂ ಹೇಳಿಲ್ಲ. ಹೇಳುವುದಿಲ್ಲ.

ಸುಚಿತ್ರಾ

ಹೆಬ್ಬೈಲು
20 ಫೆಬ್ರವರಿ 2025

ಟೀಚರ್,

ಹದಿಮೂರು ದಿನವಾಯಿತು. ಸಿಕ್ಕಿದ ದಿನವೇ ಉತ್ತರ ಬರೆಯುವವರು ನೀವು. ಅಂಚೆಯಣ್ಣನ ಸೈಕಲ್ ಗೇಟು ದಾಟಿ ಹೋಗುವುದನ್ನು ದಿನಾ ನೋಡುತ್ತೇನೆ. ಕಳೆದ ಕಾಗದದ ಕೊನೆಯ ಸಾಲು ನಿಮಗೆ ಚುಚ್ಚಿರಬೇಕು. ತಪ್ಪನ್ನು ನಿಮ್ಮ ಮೇಲೆ ಹಾಕಿ, ಉಪಕಾರ ಮಾಡಿದವಳಂತೆ ಬರೆದೆ. ಕ್ಷಮಿಸಿ. ನೀವು ಇನ್ನು ಬರೆಯದಿದ್ದರೂ ನಾನು ಒಂದು ಮಾತು ಹೇಳಬೇಕು. ಯಾರಿಗೂ ಹೇಳದೆ ಇಟ್ಟುಕೊಂಡದ್ದು.

ಬಿಂದು ಆ ಹಾಳೆಯನ್ನು ನನಗೆ ಕೊಟ್ಟದ್ದು ಶನಿವಾರ ಬೆಳಿಗ್ಗೆ. ನಾನು ಕಾಗುಣಿತ ನೋಡಿದೆ, ವಾಕ್ಯ ನೋಡಿದೆ, ಕೆಂಪು ಶಾಯಿಯಲ್ಲಿ "ಚೆನ್ನಾಗಿದೆ" ಎಂದು ಬರೆದೆ. ಅವಳು ಹೋಗಲಿಲ್ಲ. ಅಲ್ಲೇ ನಿಂತು, "ಟೀಚರ್, ಆ ಮಂಗ..." ಎಂದಳು. ನಾನು ಬಣ್ಣದ ಕಾಗದ ಕತ್ತರಿಸುತ್ತಿದ್ದೆ. "ಆಮೇಲೆ ಹೇಳು ಪುಟ್ಟಾ, ಮೊದಲು ಇದನ್ನ ಅಂಟಿಸೋಣ" ಎಂದೆ. ಅವಳೇ ಗೋಂದು ಹಿಡಿದುಕೊಂಡಳು. ಆಮೇಲೆ ಎನ್ನುವುದು ಬರಲೇ ಇಲ್ಲ. ಹಾಳೆ ಆರು ದಿನ ಗೋಡೆಯ ಮೇಲಿತ್ತು.

ಈ ಊರಲ್ಲಿ ಯಾರಿಗೂ ಕಾಣದ್ದನ್ನು ಆ ಮಗು ಹುಡುಕಿ, ನೋಡಿ, ಸರಿಯಾಗಿ ಬರೆದು ನನ್ನ ಕೈಗೆ ಕೊಟ್ಟಿತ್ತು. ನಾನು ಓದಲಿಲ್ಲ ಟೀಚರ್. ಮಕ್ಕಳಿಗೆ ಓದು ಕಲಿಸುವವಳು ಓದಲಿಲ್ಲ.

ಬಿಂದು ಹದಿನೆಂಟನೇ ತಾರೀಕು ಮನೆಗೆ ಬಂದಿದ್ದಾಳೆ ಎಂದು ಕೇಳಿದೆ. ರಸ್ತೆಯಲ್ಲಿ ನಿಂತು ಅವರ ಅಂಗಳ ನೋಡಿ ವಾಪಸು ಬಂದೆ. ಒಳಗೆ ಹೋಗುವ ಧೈರ್ಯವಾಗಲಿಲ್ಲ.

ಸುಚಿತ್ರಾ

ತೀರ್ಥಹಳ್ಳಿ
24 ಫೆಬ್ರವರಿ 2025

ಮಗಳೇ ಸುಚಿತ್ರಾ,

ನನಗೆ ಸಿಟ್ಟೂ ಇಲ್ಲ, ಏನೂ ಇಲ್ಲ. ನಾನು ಮನೆಯಲ್ಲಿರಲಿಲ್ಲ, ಅಷ್ಟೆ. ನಿನ್ನ ಏಳನೇ ತಾರೀಕಿನ ಕಾಗದ ಸಿಕ್ಕಿದ ದಿನದಿಂದ ಬೆಳಿಗ್ಗೆ ಹೇರಂಬನ ಸ್ಕೂಟರ್ ಹತ್ತಿ ಆಸ್ಪತ್ರೆಗೆ ಹೋಗಿ, ಸಂಜೆ ಬರುತ್ತಿದ್ದೆ. ನಿನಗೆ ಬರೆಯಬೇಕಿತ್ತು. ಹುಡುಗಿ ಹೇಗಾಗುತ್ತಾಳೋ ತಿಳಿಯದೆ ಏನನ್ನು ಬರೆಯಲಿ? ಒಳ್ಳೆಯದಾದ ಮೇಲೆ ಬರೆಯೋಣ ಎಂದುಕೊಂಡೆ. ನಿನ್ನನ್ನು ಹೀಗೆ ಕಾಯಿಸುವುದು ತಪ್ಪೆಂದು ಈಗ ತಿಳಿಯುತ್ತಿದೆ.

ಮಗುವಿನ ಜೊತೆ ಕನ್ನಮ್ಮ ಒಬ್ಬರೇ ಇದ್ದರು. ತಂದೆ ಬಂದು ಹೋಗುತ್ತಿದ್ದರು. ನಾನು ಹೆಬ್ಬೈಲಿನಲ್ಲಿ ಹಿಂದೆ ಟೀಚರಾಗಿದ್ದೆ ಎಂದು ಹೇಳಿಕೊಂಡೆ, ಕನ್ನಮ್ಮನಿಗೆ ನನ್ನ ಗುರುತು ಹತ್ತಿತು. ನಿನ್ನ ಹೆಸರನ್ನು ನಾನೂ ಎತ್ತಲಿಲ್ಲ, ಅವರೂ ಎತ್ತಲಿಲ್ಲ.

ಮೊದಲ ನಾಲ್ಕು ದಿನ ಕೆಟ್ಟದಾಗಿತ್ತು. ವಸಡಿನಲ್ಲಿ ರಕ್ತ ಬಂತು. ನಾನು ದೇವರನ್ನು ಕರೆಯುವವಳಲ್ಲ, ಕರೆದೆ. ಐದನೇ ದಿನ ಜ್ವರ ಇಳಿಯಿತು. ಆಮೇಲೆ ಅವಳು ನನ್ನತ್ತ ತಿರುಗಿ ಏನೋ ಕೇಳಿದಳು. ನನಗೆ ಕೇಳಿಸಲಿಲ್ಲ. ಕಿವಿ ಮುಟ್ಟಿ ತೋರಿಸಿದೆ. ಬ್ಯಾಗಿನಲ್ಲಿದ್ದ ನೋಟ್‌ಪುಸ್ತಕ ಕೊಟ್ಟೆ. ಅವಳು ಬರೆದಳು: "ನಿಮಗೆ ಕಿವಿ ಕೇಳದಿದ್ದರೆ ಕನಸಲ್ಲಿ ಕೇಳುತ್ತಾ?" ಯಾರೂ ನನ್ನನ್ನು ಇದನ್ನು ಕೇಳಿರಲಿಲ್ಲ ಸುಚಿತ್ರಾ. ಕೇಳುತ್ತದೆ ಎಂದು ಬರೆದೆ. ಮರುದಿನದಿಂದ ಮನೆಯಲ್ಲಿದ್ದ ಮಕ್ಕಳ ಪುಸ್ತಕ ಎರಡೆರಡು ಒಯ್ದೆ. ಎರಡು ಪುಟ ಓದಿದರೆ ಸುಸ್ತಾಗುತ್ತಿತ್ತು. ಆದರೂ ಓದಿದಳು.

ಒಂದು ದಿನ ನಾನೇ ಬರೆದು ಕೇಳಿದೆ, "ಮಂಗ ಸತ್ತಿದೆ ಎಂದು ನಿನಗೆ ಗೊತ್ತಿತ್ತಾ?" ಅವಳ ಉತ್ತರವನ್ನು ನಿನಗೆ ಬರೆಯಲೋ ಬೇಡವೋ ಎಂದು ಬಹಳ ಯೋಚಿಸಿದೆ. ನಿನ್ನ ಇಪ್ಪತ್ತರ ಕಾಗದ ಬಂದ ಮೇಲೆ, ಬರೆಯಬೇಕು ಅನಿಸಿತು. ಇದು ಅವಳದೇ ಮಾತು:

"ಗೊತ್ತಿತ್ತು. ನೋಡಿದ್ದು ಮಾತ್ರ ಬರೀಬೇಕು ಅಂದಿದ್ರಲ್ಲ. ಸತ್ತಿದೆ ಅನ್ನೋದು ನನಗೆ ಅನಿಸಿದ್ದು. ಅದಕ್ಕೆ ಏಳಲಿಲ್ಲ ಅಂತ ಬರೆದೆ. ಟೀಚರ್ ಚೆನ್ನಾಗಿದೆ ಅಂತ ಬರೆದ್ರು. ಎಲ್ಲರೂ ಬಂದು ನೋಡಿದ್ರು. ಎಲ್ಲರಿಗೂ ಗೊತ್ತಾಯ್ತು ಅಂದ್ಕೊಂಡೆ."

ಆ ನಿಯಮ ನನ್ನದು. ನೋಡಿದ್ದು ಮಾತ್ರ, ಅನಿಸಿದ್ದು ಬೇಡ. ಎಷ್ಟು ಜಂಬದಿಂದ ಬರೆದಿದ್ದೆ ನಿನಗೆ!

ಉಣುಗು ಎಲ್ಲಿ ಕಚ್ಚಿತೆಂದು ಡಾಕ್ಟರರಿಗೂ ಹೇಳಲಾಗಲಿಲ್ಲ. ಮಂಗ ನೋಡಿದ ದಿನವೂ ಇರಬಹುದು. ಆ ವಾರವೆಲ್ಲ ಬಿಂದು ದಿನಾ ಬೆಳಿಗ್ಗೆ ಅಜ್ಜಿಯ ಜೊತೆ ಕೊಟ್ಟಿಗೆಗೆ ಹಾಸಲು ತರಗೆಲೆ ಗುಡಿಸಿ ತರಲು ಟ್ಯಾಂಕಿನ ಹಿಂದಿನ ಅದೇ ಬೆಟ್ಟಕ್ಕೆ ಹೋಗಿದ್ದಾಳೆ, ಅಲ್ಲೂ ಇರಬಹುದು. ನಿನಗೆ ಸಮಾಧಾನವಾಗಲಿ ಎಂದು ಇದನ್ನು ಹೇಳುತ್ತಿಲ್ಲ. ಹಾಳೆಯನ್ನು ಯಾರಾದರೂ ಓದಿದ್ದರೆ ಆ ವಾರ ಅವರು ಬೆಟ್ಟಕ್ಕೆ ಹೋಗುತ್ತಿರಲಿಲ್ಲ. ಅದು ನಿನಗೂ ಗೊತ್ತು.

ಇನ್ನೊಂದು. ಮೂವತ್ತೊಂದು ವರ್ಷ ಒಂದು ದಿನವೂ ನಿಲ್ಲಿಸಲಿಲ್ಲ ಎಂದು ಬರೆದದ್ದು ಸುಳ್ಳು. ಸಾಗರದ ಕಡೆ, ವರದಮೂಲದಾಚೆ ಒಂದು ಸಣ್ಣ ಶಾಲೆಯಲ್ಲಿದ್ದೆ, ಈಗ ಅದು ಮುಚ್ಚಿದೆ. ಹಕ್ಕಿಗೂಡಿನಲ್ಲಿ ಎಷ್ಟು ಮೊಟ್ಟೆ ಇರುತ್ತದೆ ಎಂದು ಕೇಳಿದ ಹುಡುಗಿಗೆ ಹತ್ತಿ ನೋಡು ಎಂದೆ. ಬಿದ್ದಳು. ಮುರಿದ ಮೊಣಕೈ ಕೂಡಿತು, ಆದರೆ ಪೂರ್ತಿ ಮಡಚಲು ಬರಲಿಲ್ಲ. ಅವಳ ಮನೆಯವರು ಒಂದು ಮಾತೂ ಆಡಲಿಲ್ಲ. ನಾನೇ ಪುಸ್ತಕದ ಕಪಾಟಿಗೆ ಬೀಗ ಹಾಕಿದೆ. ಒಂದು ವಾರಕ್ಕೆಂದು ಹಾಕಿದ್ದು ನಾಲ್ಕು ವರ್ಷವಾಯಿತು. ತೆರೆದಾಗ ಕೆಳಗಿನ ಸಾಲು ಪೂರ್ತಿ ಗೆದ್ದಲು ತಿಂದಿತ್ತು. ಆ ನಾಲ್ಕು ವರ್ಷದ ಮಕ್ಕಳು ಒಳ್ಳೆಯ ಅಂಕ ತೆಗೆದರು, ನನ್ನನ್ನು ಏನೂ ಕೇಳಲಿಲ್ಲ. ಅವರ ಹೆಸರು ಒಂದೂ ನನಗೆ ನೆನಪಿಲ್ಲ.

ಬೀಗ ಹಾಕಿದಾಗ ಹಗುರವಾಯಿತು ಎಂದು ಬರೆದೆಯಲ್ಲ, ಅದಕ್ಕೆ ಇದನ್ನು ಹೇಳಿದೆ.

ವಿಶಾಲಮ್ಮ

ಹೆಬ್ಬೈಲು
1 ಮಾರ್ಚ್ 2025

ಟೀಚರ್,

ಇವತ್ತು ಬೆಳಿಗ್ಗೆ ನಿಮ್ಮ ಕಾಗದ ಬಂದ ಕೂಡಲೇ ಧೈರ್ಯಮಾಡಿ ಬಿಂದುವಿನ ಮನೆಗೆ ಹೋದೆ. ಕನ್ನಮ್ಮನವರು ಬಾಗಿಲಲ್ಲಿದ್ದರು. "ಬಂದ್ರಾ? ಬನ್ನಿ. ಮತ್ತೆ ಮೈ ಸುಡ್ತಾ ಐತೆ ಟೀಚರ್ರೇ" ಎಂದರು.

ವಾಸಿಯಾಯಿತು ಅಂದುಕೊಂಡದ್ದು ವಾಪಸು ಬಂದಿದೆ. ಕೆಲವರಿಗೆ ಹೀಗೆ ಎರಡನೇ ಸಲ ಬರುತ್ತದೆ, ಆಗ ತಲೆಗೆ ಏರುವುದುಂಟು ಎಂದು ಆಶಾ ಕಾರ್ಯಕರ್ತೆ ಹೊರಗೆ ಕರೆದು ಹೇಳಿದರು. ಬಿಂದು ಗೋಡೆಗೆ ಮುಖ ಮಾಡಿ ಮಲಗಿದ್ದಳು. ಬೆಳಕು ಬೇಡ ಎನ್ನುತ್ತಿದ್ದಳು. ಕೈ ನಡುಗುತ್ತಿತ್ತು. ನನ್ನನ್ನು ನೋಡಿ, "ಯಾರು?" ಎಂದಳು.

ಶಿವಮೂರ್ತಿಯವರು ಕಾರು ತಂದರು. ಹತ್ತಿಸುವಾಗ ಒಬ್ಬರಿಂದ ಆಗಲಿಲ್ಲ. ನಾನು ಕಾಲು ಹಿಡಿದುಕೊಂಡೆ. ಅವರು ಬೇಡ ಎನ್ನಲಿಲ್ಲ. ಈಗ ಎರಡು ಗಂಟೆಯಾಗಿದೆ, ನಿಮ್ಮ ಊರು ತಲುಪಿರಬೇಕು. ಹೋಗಿ ಟೀಚರ್. ಈ ಕಾಗದ ಸಿಗುವುದರೊಳಗೆ ಏನೇನಾಗಿರುತ್ತದೋ. ಹೇರಂಬಣ್ಣನ ನಂಬರಿಗೂ ಹೇಳಿದ್ದೇನೆ. ಸುಮ್ಮನೆ ಕೂರಲಾಗದೆ ಬರೆಯುತ್ತಿದ್ದೇನೆ, ಬೇರೇನೂ ಇಲ್ಲ.

ಯಾರು ಎಂದಳಲ್ಲ ಟೀಚರ್. ಅವಳಿಗೆ ನಾನು ಕಾಣಲಿಲ್ಲವೋ, ನೆನಪಾಗಲಿಲ್ಲವೋ?

ಸುಚಿತ್ರಾ

ತೀರ್ಥಹಳ್ಳಿ
6 ಮಾರ್ಚ್ 2025

ಸುಚಿತ್ರಾ,

ನೋಡಿದ್ದನ್ನೂ ಬರೆಯುತ್ತೇನೆ, ಅನಿಸಿದ್ದನ್ನೂ ಬರೆಯುತ್ತೇನೆ.

ನೋಡಿದ್ದು: ನಿನ್ನೆಯಿಂದ ಜ್ವರ ಇಲ್ಲ. ಕುತ್ತಿಗೆ ಬಗ್ಗುತ್ತದೆ. ಗಂಜಿ ಕುಡಿದಳು. ಕಣ್ಣಿನ ಮುಂದೆ ಬೆರಳು ಹಿಡಿದರೆ ಎಣಿಸುತ್ತಾಳೆ. ನೋಟ್‌ಪುಸ್ತಕ ಕೊಟ್ಟೆ, ತನ್ನ ಹೆಸರು ಬರೆಯಲು ಹೋದಳು, ಗೆರೆ ಅಂಕುಡೊಂಕಾಯಿತು, ಪೆನ್ಸಿಲ್ ಇಟ್ಟುಬಿಟ್ಟಳು. ಏನೂ ಕೇಳಲಿಲ್ಲ. ಡಾಕ್ಟರರು ನಿಧಾನಕ್ಕೆ ಸರಿಹೋಗುತ್ತದೆ, ತಿಂಗಳುಗಳು ಹಿಡಿಯಬಹುದು ಎಂದು ಚೀಟಿಯಲ್ಲಿ ಬರೆದು ತೋರಿಸಿದರು.

ಅನಿಸಿದ್ದು: ಬದುಕಿದಳು. ಸರಿಯಾಗುತ್ತಾಳೆ. ನನಗೆ ಹೆದರಿಕೆ ಹೋಗಿಲ್ಲ.

ಭಾನುವಾರ ಬಾ. ತಂದೆ ಇರುತ್ತಾರೆ. ಇದ್ದರೂ ಬಾ.

ವಿಶಾಲಮ್ಮ

ಹೆಬ್ಬೈಲು
22 ಜೂನ್ 2025

ಪ್ರೀತಿಯ ಟೀಚರ್,

ನಿಮ್ಮ ಮನೆಯಲ್ಲಿ ಬೇಸಿಗೆ ರಜೆಯ ಆ ಹತ್ತು ದಿನ ಕಳೆದು ಬಂದ ಮೇಲೆ ಇದೇ ಮೊದಲ ಕಾಗದ. ಒಂದು ವಿಷಯ ಇತ್ಯರ್ಥವಾಗಲಿ ಎಂದು ಕಾಯುತ್ತಿದ್ದೆ.

ಬಿಂದು ಶಾಲೆಗೆ ಬರುತ್ತಿದ್ದಾಳೆ. ಏಳು ಮುಗಿಸಿ ಎಂಟನೆಯದಕ್ಕೆ ನಮ್ಮಲ್ಲೇ ಉಳಿದಿದ್ದಾಳೆ. ಕೂದಲು ಉದುರಿ ತೆಳ್ಳಗಾಗಿದೆ. ಮಧ್ಯಾಹ್ನದ ಮೇಲೆ ತಲೆನೋವು ಬಂದರೆ ಮೇಜಿಗೆ ಹಣೆ ಇಟ್ಟು ಮಲಗುತ್ತಾಳೆ. ಬರೆಯುವಾಗ ಕೈ ನಡುಗುವುದು ಕಡಿಮೆಯಾಗಿದೆ, ಪೂರ್ತಿ ನಿಂತಿಲ್ಲ. ಗ್ರಂಥಾಲಯದ ಬೀಗ ಹಾಗೇ ಇತ್ತು. ಮೊದಲ ದಿನ ಅವಳು ಅದರ ಮುಂದೆ ಹೋಗಿ, ನೋಡಿ, ತರಗತಿಗೆ ಬಂದು ಕೂತಳು. ಯಾಕೆ ಎಂದೂ ಕೇಳಲಿಲ್ಲ. ನಿಮ್ಮ ಆ ನಾಲ್ಕು ವರ್ಷ ನೆನಪಾಯಿತು. ಅಂದೇ ನಟರಾಜ್ ಸರ್ ಹತ್ತಿರ ಹೋಗಿ ಸಭೆ ಕರೆಯಿರಿ ಎಂದೆ.

ನಿನ್ನೆ ಸಭೆ ನಡೆಯಿತು. ಮೂವತ್ತು ಮಂದಿ ಸೇರಿದ್ದರು. ಸರ್ ಕೀಲಿಕೈಯನ್ನು ಮೇಜಿನ ಮೇಲಿಟ್ಟು, "ತೆರೆಯೋದೋ ಬೇಡವೋ ನೀವೇ ಹೇಳಿ" ಎಂದರು. ಯಾರೋ "ಇದ್ರೆ ಇರ್ಲಿ, ಆದ್ರೆ ಮಕ್ಕಳನ್ನ ಹೊರಗೆ ಕಳಿಸ್ಬಾರ್ದು" ಎಂದರು. ಇನ್ನೊಬ್ಬರು "ಅದರ ಸಹವಾಸವೇ ಬೇಡ" ಎಂದರು. ನಾನು ಎದ್ದು ನಿಂತೆ. ಕೆಂಪು ಶಾಯಿಯ ವಿಷಯ, ಅವಳು "ಆ ಮಂಗ" ಎಂದಾಗ ನಾನು ಆಮೇಲೆ ಎಂದದ್ದು, ಎಲ್ಲ ಹೇಳಿದೆ. "ಅವಳು ಬರೆದದ್ದನ್ನು ನಾನು ಓದಲಿಲ್ಲ. ತಪ್ಪು ಪುಸ್ತಕದ್ದಲ್ಲ, ಪ್ರಶ್ನೆಯದ್ದೂ ಅಲ್ಲ" ಎಂದೆ.

ಶಿವಮೂರ್ತಿಯವರು ಹಿಂದಿನ ಬೆಂಚಿನಲ್ಲಿದ್ದರು. ಎದ್ದಾಗ ಬೈಯುತ್ತಾರೆ ಎಂದೇ ಅಂದುಕೊಂಡೆ. ಅವರು ಜೇಬಿನಿಂದ ಫೋನ್ ತೆಗೆದರು.

"ಆ ಹಾಳೆ ನಾನೂ ನೋಡಿದ್ದೆ. ಜನವರಿ ಇಪ್ಪತ್ತಾರಕ್ಕೆ. ಮಗಳ ಅಕ್ಷರ ಚೆಂದ ಐತೆ ಅಂತ ಫೋಟೋ ಹೊಡ್ಕಂಡೆ. ಅಂಗಡಿಗೆ ಬಂದೋರಿಗೆಲ್ಲ ತೋರ್ಸಿದೆ. ಹುಟ್ಟಿದಾಗಿಂದ ಈ ಕಾಡಲ್ಲೇ ಇದ್ದೋನು ನಾನು. ಮಂಗ ಏಳಲಿಲ್ಲ ಅಂದ್ರೆ ಎಂತ ಅಂತ ನನಗೆ ಗೊತ್ತಿಲ್ವಾ? ಓದ್ಲೇ ಇಲ್ಲ. ಇಲ್ಲಿ ಐತೆ ನೋಡಿ, ಇನ್ನೂ ಐತೆ."

ಫೋನ್ ಹಿಡಿದ ಕೈ ಚಾಚಿಯೇ ಇದ್ದರು. ನೋಡಲು ಯಾರೂ ಮುಂದೆ ಬರಲಿಲ್ಲ. ಅವತ್ತು ಆ ಗೋಡೆಯ ಮುಂದೆ ಸಾಲಾಗಿ ನಿಂತವರೇ ಎಲ್ಲರೂ. ಕನ್ನಮ್ಮನವರು ನೆಲದ ಮೇಲೆ ಕೂತಿದ್ದರು. "ಓದಾಕೆ ಬಂದಿದ್ರೆ ನಾನಾದ್ರೂ ಓದ್ತಿದ್ದೆ. ದರಗು ಗುಡ್ಸಾಕೆ ಬೆಟ್ಟಕ್ಕೆ ಕರ್ಕಂಡು ಹೋದೋಳು ನಾನು" ಎಂದು ಸೆರಗು ಬಾಯಿಗೆ ಒತ್ತಿಕೊಂಡರು. ಶಿವಮೂರ್ತಿಯವರು ಹೋಗಿ ತಾಯಿಯ ಪಕ್ಕ ಕೂತರು. ಅಲ್ಲಿಂದಲೇ, ನನ್ನ ಕಡೆ ನೋಡದೆ, "ಬೀಗ ತೆಗೀರಿ ಟೀಚರ್ರೇ" ಎಂದರು.

ತೆಗೆದೆ. ಕೈ ಎತ್ತಿ ಠರಾವು ಮಾಡಲಿಲ್ಲ, ಏನೂ ಇಲ್ಲ.

ಇವತ್ತು ಭಾನುವಾರವಾದರೂ ಹನ್ನೊಂದು ಮಕ್ಕಳು ಬಂದು ಧೂಳು ಹೊಡೆದರು. ಬಿಂದು ಒಂದು ಮೂಲೆಯಲ್ಲಿ ಕೂತು ಪುಸ್ತಕ ತೊಡೆಯ ಮೇಲೆ ಇಟ್ಟುಕೊಂಡಿದ್ದಳು, ಪುಟ ತಿರುವಲಿಲ್ಲ. ನಾನು ಬಲವಂತ ಮಾಡಲಿಲ್ಲ. ಹೊರಡುವಾಗ ಹಲಗೆಯ ಹತ್ತಿರ ಹೋಗಿ ಒಂದು ಚೀಟಿ ಅಂಟಿಸಿದಳು. ಅಕ್ಷರ ಇನ್ನೂ ಸೊಟ್ಟ. "ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದಿದರು ಎಂದು ಗೊತ್ತಾಗುವುದು ಹೇಗೆ?"

ಅವಳನ್ನು ಕೂರಿಸಿಕೊಂಡು, ಕತ್ತರಿ ಗೋಂದು ಎಲ್ಲ ದೂರ ಇಟ್ಟು, ಅವಳಿಗೇ ಅದನ್ನು ಗಟ್ಟಿಯಾಗಿ ಓದಿ ಹೇಳಿದೆ. "ಹಿಂಗೇನಾ ನೀನು ಕೇಳಿದ್ದು?" ಎಂದೆ. ಹೌದು ಎಂದು ತಲೆಯಾಡಿಸಿದಳು. ಅದಕ್ಕೆ ಪುಸ್ತಕದಲ್ಲಿ ಉತ್ತರ ಇದ್ದಂತಿಲ್ಲ, ನಾಳೆಯಿಂದ ಇಬ್ಬರೂ ಸೇರಿ ಹುಡುಕೋಣ ಎಂದೆ. ಅವಳು ನನ್ನನ್ನು ನೋಡಿ, ಚಪ್ಪಲಿ ಹಾಕಿಕೊಂಡು ಹೋದಳು. ನಂಬಿದಳೋ ಇಲ್ಲವೋ ತಿಳಿಯಲಿಲ್ಲ.

ಒಟ್ಟು ಇವತ್ತು ಒಂಬತ್ತು ಚೀಟಿ ಬಂದಿವೆ. ಎಲ್ಲ ನನ್ನ ಮುಂದೆ ಇವೆ. ಎರಡು ಸಲ ಓದಿದೆ. ಈ ಕಾಗದ ಮುಚ್ಚಿ ಇನ್ನೊಂದು ಸಲ ಓದುತ್ತೇನೆ.

ನಿಮ್ಮ
ಸುಚಿತ್ರಾ